ದೀಪಾವಳಿ ಹೊತ್ತಿನ ಬೂತಾಯಿ

ಬೂತಾಯಿಯಲ್ಲಿ ಕೊಬ್ಬೆಷ್ಟು ಎಂದು ಯಾರಾದರೂ ಕೇಳಿದರೆ, ಯಾವ ತಿಂಗಳ ಬೂತಾಯಿ ಎಂದು ನಾನು ತಿರುಗಿ ಕೇಳುತ್ತೇನೆ. ಪೋಷಕಾಂಶದ ಪಟ್ಟಿಗಳು ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತವೆ. ಮಂಗಳೂರಿನ ಬೂತಾಯಿ ಎನ್ನಿ, ಕಾರವಾರದ ತಾರ್ಲೆ ಎನ್ನಿ, ಈ ಗೇಣುದ್ದದ ಮೀನಿನ ಮೈ ವರ್ಷವಿಡೀ ಒಂದೇ ತೆರನಾಗಿ ಇರುವುದಿಲ್ಲ. ಬೇಸಿಗೆಯ ಕೊನೆಗೆ ಶೇ 5ರಷ್ಟೂ ಕೊಬ್ಬಿಲ್ಲದೆ ಬಡಕಲಾಗಿರುವ ಮೀನು ಅಕ್ಟೋಬರ್ ಮತ್ತು ಡಿಸೆಂಬರಿನ ನಡುವೆ ಶೇ 10 ದಾಟುತ್ತದೆ. ರುಚಿ ಇರುವುದೂ ಆಗಲೇ, ಗುಣ ಇರುವುದೂ ಆಗಲೇ.

ಇದಕ್ಕೆಲ್ಲ ಮೂಲ ಮಳೆಗಾಲದ ಕಡಲು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಅದು ಹೊತ್ತು ತಂದ ಲವಣಗಳನ್ನು ಉಂಡು ಡಯಾಟಮ್ ಎಂಬ ಸೂಕ್ಷ್ಮ ಪಾಚಿ ರಾಶಿರಾಶಿಯಾಗಿ ಬೆಳೆಯುತ್ತದೆ. ಬೂತಾಯಿ ತನ್ನ ಕಿವಿರಿನ ಬಾಚಣಿಗೆಯಂಥ ಎಳೆಗಳಲ್ಲಿ ಅದನ್ನು ಸೋಸಿ ತಿನ್ನುತ್ತದೆ. ಮೀನಿನದೆಂದು ನಾವು ಕೊಂಡಾಡುವ ಒಮೆಗಾ-3 ಬಹುಪಾಲು ಈ ಪಾಚಿಯಂಥ ಸೂಕ್ಷ್ಮ ಸಸ್ಯಗಳ ಗಳಿಕೆ. ಮಳೆಗಾಲದಲ್ಲೇ ಮೊಟ್ಟೆಯಿಟ್ಟು ಸೊರಗಿದ ಮೀನು ಆಮೇಲೆ ತಿಂದು ತಿಂದು ಮೈ ತುಂಬಿಕೊಳ್ಳುತ್ತದೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ದಕ್ಕೆಗೆ ಓಡುವವರಿಗೆ ಬೂತಾಯಿಯ ಮಟ್ಟಿಗೆ ನನ್ನ ಮಾತು ಇಷ್ಟೇ: ಇನ್ನೆರಡು ತಿಂಗಳು ತಾಳಿ.

ಕೊಬ್ಬಿನ ಜೊತೆಗೆ ಬೂತಾಯಿಯಲ್ಲಿ ಪ್ರೋಟೀನೂ ಇದೆ, ನೂರು ಗ್ರಾಮಿಗೆ ಹದಿನೆಂಟು ಗ್ರಾಮಿನ ಆಸುಪಾಸು. ವಿಟಮಿನ್ ಡಿ, ಬಿ12 ಧಾರಾಳ. ಸಣ್ಣ ಬೂತಾಯಿಯನ್ನು ಮುಳ್ಳು ಸಮೇತ ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ. ಪಾಚಿ ತಿಂದು ಬೇಗ ಬೆಳೆಯುವ ಅಲ್ಪಾಯುಷಿಯಾದ್ದರಿಂದ ದೊಡ್ಡ ಬೇಟೆಗಾರ ಮೀನುಗಳಷ್ಟು ಪಾದರಸ ಇದರಲ್ಲಿ ಸೇರುವುದಿಲ್ಲ. ಯೂರಿಕ್ ಆಮ್ಲದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಇಂಥ ಮೀನು ಲೋಡುಗಟ್ಟಲೆ ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಒಂದು ಕಿಲೋ ಮೀನಿನ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಹಿಟ್ಟು ಸೀಗಡಿ ಕೆರೆಗೆ ಹೋಗಿ, ಬಡವರಿಗೆ ಎಟುಕದ ಬೆಲೆಯಲ್ಲಿ ತಟ್ಟೆಗೆ ಮರಳುತ್ತದೆ. ನೇರವಾಗಿ ಬೂತಾಯಿಯನ್ನೇ ಉಣ್ಣುವುದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣದು.

ಕೊಳ್ಳುವಾಗ ಹೊಟ್ಟೆ ಒಡೆದದ್ದನ್ನು ಮುಟ್ಟಬೇಡಿ. ಕೊಬ್ಬಿನ ಮೀನು ಬೇಗ ಕೆಡುತ್ತದೆ; ಕಮಟು ಹತ್ತಿದರೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದನ್ನೂ ನಾನು ಒಪ್ಪುವುದಿಲ್ಲ: ಮೀನಿನ ಕೊಬ್ಬು ಬಾಣಲೆಗೆ ಇಳಿದು, ಬಾಣಲೆಯ ಎಣ್ಣೆ ಮೀನಿಗೆ ಏರುತ್ತದೆ. ಕಾವಲಿಗೆ ಎಣ್ಣೆ ಸವರಿ ಕಾಯಿಸಿದರೂ ಸಾಕು, ಉಳಿದ ಜಿಡ್ಡನ್ನು ಮೀನೇ ಬಿಟ್ಟುಕೊಳ್ಳುತ್ತದೆ. ಆದರೂ ನನ್ನ ಮೊದಲ ಆಯ್ಕೆ ಪುಳಿಮುಂಚಿ ಎಂಬ ಹುಳಿ-ಖಾರದ ಸಾರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚಿಟಿಕೆ ಓಮ, ನಾಲ್ಕೇ ಕಾಳು ಮೆಂತೆ, ಹುಣಸೆ ಕೊಂಚ ಮುಂದಾಗಿಯೇ ಇರಲಿ. ತೆಂಗಿನಕಾಯಿ ಬೇಡ, ಕೊಬ್ಬಿದ ಬೂತಾಯಿಗೆ ಅದರ ನೆರವು ಬೇಕಿಲ್ಲ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಇಳಿಸಿ, ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲುಗಿಸಿ. ಮೇಲೆ ಕೆಂಪು ಜಿಡ್ಡು ತೇಲಿದಾಗ ಒಲೆಯಿಂದ ಇಳಿಸಿ. ಅದನ್ನು ಬಸಿದು ಚೆಲ್ಲಬೇಡಿ, ಮೀನಿನಿಂದ ಇಳಿದ ಒಮೆಗಾ-3 ಅದರಲ್ಲೂ ಇರುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಳ್ಳಿ.