ಒಂದು ಹೊರೆ ಹುಲ್ಲು, ಎರಡು ಸಂಖ್ಯೆ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಡೇರಿ ಮುಂದೆ ನಿಂತು ನೋಡಿ. ಕ್ಯಾನು ಹಿಡಿದು ಬಂದ ಹೆಂಗಸರು ಅಷ್ಟರಲ್ಲಾಗಲೇ ಸಗಣಿ ಬಾಚಿ, ಹಿಂಡಿ ಕಲಸಿಟ್ಟು, ಹಾಲು ಕರೆದಿರುತ್ತಾರೆ. ಇನ್ನು ಗದ್ದೆ ಬದುವಿನ ಹುಲ್ಲು ಕೊಯ್ದು ತರಬೇಕು. "ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರೆ ಮಾತ್ರ, "ನಾನ್ಯಾವ ಕೆಲ್ಸ ಮಾಡ್ತೀನಿ ಸಾ, ಮನೇಲೇ ಇರ್ತೀನಿ" ಎಂಬ ಉತ್ತರ.

ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಕಾರ್ಮಿಕ ಸಮೀಕ್ಷೆ (ಪಿಎಲ್‌ಎಫ್‌ಎಸ್) ಎಡವುವುದು ಈ ಉತ್ತರದ ಹತ್ತಿರವೇ. ಅದರ ನಮೂನೆಯಲ್ಲಿ ಪ್ರತಿ ಸ್ಥಿತಿಗೂ ಒಂದು ಸಂಖ್ಯೆ. ಕೂಲಿಯಿಲ್ಲದೆ ಮನೆಯ ಕಸುಬಿಗೆ ಕೈಜೋಡಿಸುವವರು 21. ಅಡುಗೆ, ಮಕ್ಕಳ ಆರೈಕೆಯ ಜೊತೆಗೆ ಮನೆಬಳಕೆಗೆ ಸೌದೆ, ಮೇವು ಹೊತ್ತು ತರುವವರು 93. ಮೊದಲಿನವರು ಉದ್ಯೋಗಿಗಳು, ಎರಡನೆಯವರು ಲೆಕ್ಕದಿಂದ ಆಚೆ. ಕುಡುಗೋಲು ಅದೇ, ಹೊರೆ ಅದೇ, ಹಸುವೂ ಅದೇ. ಗಣತಿದಾರ ಇನ್ನೊಂದು ಪ್ರಶ್ನೆ ಕೆದಕಿ ಕೇಳಿದರೆ 21, ಮೊದಲ ಉತ್ತರಕ್ಕೇ ಪೆನ್ನು ಎತ್ತಿದರೆ 93.

ದೇಶದ ಹಳ್ಳಿಗಳ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವವರ ಪಾಲು 2017-18ರಲ್ಲಿ ಶೇ 24.6 ಇದ್ದದ್ದು 2023-24ಕ್ಕೆ ಶೇ 47.6 ಆಯಿತು. ಆರೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ! ಇದು ಸುಳ್ಳೆಂದು ನಾನು ಹೇಳಲಾರೆ. ಕಣ್ಣಿಗೆ ಬೀಳದಿದ್ದ ದುಡಿಮೆ ಈಗ ಕಂಡಿದ್ದರೆ ಅದು ಸಮೀಕ್ಷೆಯ ಹೆಚ್ಚುಗಾರಿಕೆಯೇ. ಆದರೆ ಏರಿಕೆಯ ಬಹುಪಾಲು ಸ್ವಂತ ಕಸುಬಿನದು, ಸಂಬಳದ ಕೆಲಸದ್ದಲ್ಲ. ಹಾಗಿರುವಾಗ ಅದನ್ನು ಹಳ್ಳಿಯಲ್ಲಿ ಹೊಸ ಕೆಲಸ ಹುಟ್ಟಿದ ಸುದ್ದಿಯೆಂದು ಡಂಗುರ ಸಾರುವುದು ಅತಿಯಾಯಿತು.

ನಿರುದ್ಯೋಗದ ಅಂಕಿಯಂತೂ ಬೇಸಾಯದ ಜಿಲ್ಲೆಗೆ ಹೊಂದುವುದೇ ಇಲ್ಲ. ವಾರದ ಲೆಕ್ಕದಲ್ಲಿ ಏಳು ದಿನದ ಪೈಕಿ ಯಾವುದೋ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಆತ ಉದ್ಯೋಗಿ. ನಾಟಿ ಮುಗಿದು, ಕಟಾವಿಗಿನ್ನೂ ತಿಂಗಳುಗಟ್ಟಲೆ ಇರುವಾಗ ವಾರಕ್ಕೊಂದೇ ದಿನ ಕೂಲಿ ಸಿಕ್ಕವನೂ, ಆರು ದಿನ ದುಡಿದವನೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಕೆಲಸ ಸಿಗದ ದಿನಗಳ ಲೆಕ್ಕವೂ ಸಮೀಕ್ಷೆಯ ಒಳಗೆ ಇದೆಯೆನ್ನಿ. ತಲೆಬರಹಕ್ಕೆ ಅದು ಬರುವುದಿಲ್ಲ.

2025ರ ಜನವರಿಯಿಂದ ಮನೆಗಳ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಮಾಡಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ಮನೆಗಳ ಆಯ್ಕೆ ಬದಲಾದರೂ, ಗಳಿಕೆ ಎಷ್ಟೆಂಬ ಪ್ರಶ್ನೆ ಸ್ವಂತ ಕಸುಬಿನ ಯಜಮಾನರಿಗೆ ಇದೆ, 21ರವರಿಗೆ ಇಲ್ಲ. ಡೇರಿಯ ಬಟವಾಡೆ ಗಂಡನ ಖಾತೆಗೆ ಬೀಳುವ ಮನೆಯಲ್ಲಿ ಅವನು ಕಸುಬಿನ ಯಜಮಾನನೆಂದು 11, ಹಾಲು ಕರೆದವಳು 21.