ಕೆಂಪೇಗೌಡನ ಚರಿತ್ರೆಯಲ್ಲಿ ಅರ್ಥವಾದವಿಚಾರ

ಯಲಹಂಕನಾಡಪ್ರಭುವಾದ ಹಿರಿಯ ಕೆಂಪೇಗೌಡನ (1510-1569) ಚರಿತ್ರೆಯನ್ನು ಬರೆದವರು ಹಲವರು. ಅವರಲ್ಲಿ ಬಹುಮಂದಿ ಶಾಸನದಿಂದ ತಿಳಿದುದನ್ನೂ ಜನರು ಹೇಳಿಕೊಂಡು ಬಂದುದನ್ನೂ ಒಂದೇ ಹರಿವಾಣದಲ್ಲಿ ಬಡಿಸಿರುವರು. ಐತಿಹ್ಯವನ್ನು ಎಸೆದುಬಿಡಬೇಕೆಂದು ನಾನು ಹೇಳತಕ್ಕವನಲ್ಲ. ಅದನ್ನು ವಿಂಗಡಿಸುವ ಬಗೆಯನ್ನು ನಮ್ಮ ಮೀಮಾಂಸಕರು ಎಂದೋ ಹಾಕಿಕೊಟ್ಟಿದ್ದಾರೆ. ಬೇರೆ ಪ್ರಮಾಣಕ್ಕೆ ವಿರುದ್ಧವಾದ ಸ್ತುತಿಯು ಗುಣವಾದ. ಪ್ರಮಾಣಾಂತರದಿಂದ ಮೊದಲೇ ತಿಳಿದುದನ್ನು ಹೇಳುವುದು ಅನುವಾದ. ವಿರೋಧವೂ ಬೆಂಬಲವೂ ಇಲ್ಲದೆ ನಿಂತದ್ದು ಭೂತಾರ್ಥವಾದ. ವೇದವಾಕ್ಯಕ್ಕೆ ಹೇಳಿದ ಈ ವಿಭಾಗವನ್ನು ನಾಡಗೌಡನ ಕಥೆಗೆ ತರುವುದು ಶಾಸ್ತ್ರಜ್ಞರಿಗೆ ನಗೆ ತರಿಸಿದರೆ ತರಿಸಲಿ.

ಮೊಲವು ಬೇಟೆನಾಯಿಯನ್ನು ಅಟ್ಟಿದ ನೆಲವೇ ಗಂಡುಭೂಮಿಯೆಂದು ಅವನು ಊರು ಕಟ್ಟಿದನೆಂಬ ಮಾತು ಗುಣವಾದ. ಇದನ್ನೇ ವಿಜಯನಗರಕ್ಕೂ, ದೂರದ ಅಹಮದಾಬಾದಿಗೂ ಹೇಳುವರು. ನಾಲ್ಕು ಗಡಿಗೋಪುರಗಳನ್ನು ಮೀರಿ ಬೆಳೆದರೆ ಊರಿಗೆ ಕೇಡೆಂಬ ಭವಿಷ್ಯವಾಣಿಯೂ ಹಾಗೆಯೇ. ಕೆಂಪಾಂಬುಧಿಯ ಬಳಿಯ ಗೋಪುರವನ್ನು ದಾಟಿ ನಮ್ಮ ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಲಕ್ಷಾಂತರ ಮಂದಿ ಸಂಸಾರ ಹೂಡಿರುವುದು ಪ್ರತ್ಯಕ್ಷ. ಆ ಗೋಪುರಗಳು ಇಮ್ಮಡಿ ಕೆಂಪೇಗೌಡನವೆಂದು ಹೇಳುವವರೂ ಉಂಟು. ಬೇಗೂರಿನ ಗಂಗರ ಕಾಲದ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಹೆಸರು ಕಾಣುವುದರಿಂದ, 1537ರಲ್ಲಿ ಅವನು ಕಟ್ಟಿಸಿದ್ದು ಕೋಟೆಪೇಟೆಗಳನ್ನೇ ಹೊರತು ಹೆಸರನ್ನಲ್ಲ.

ಅಳಿಯ ರಾಮರಾಯನು ಅವನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟನೆಂಬ ಕಥೆ ಬೇರೆ ಜಾತಿಯದು. ಅಪ್ಪಣೆಯಿಲ್ಲದೆ ಬೈರೇದೇವರ ನಾಣ್ಯವನ್ನು ಟಂಕಿಸಿದ್ದೇ ಅಪರಾಧವಂತೆ. ಟಂಕಸಾಲೆ ಸಾರ್ವಭೌಮನ ಸೊತ್ತು. ರಾಮರಾಯನ ಕೈಯಲ್ಲಿ ಅಧಿಕಾರವಿದ್ದುದು 1542ರಿಂದ 1565ರ ವರೆಗೆ. ಕಾಲವೂ ಕಾರಣವೂ ಕೂಡಿಬರುತ್ತವೆ. ಇದು ಭೂತಾರ್ಥವಾದ; ‘ಎನ್ನುವರು’ ಎಂಬ ಪದವನ್ನು ಸೇರಿಸಿ ಚರಿತ್ರೆಯಲ್ಲಿ ಇಟ್ಟುಕೊಳ್ಳಬಹುದು.

ಕಷ್ಟವಿರುವುದು ಸೊಸೆ ಲಕ್ಷ್ಮಮ್ಮನ ಕಥೆಯಲ್ಲಿ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿತ್ತು, ಗರ್ಭಿಣಿಯ ಬಲಿ ಬೇಕೆಂದರು, ಅವಳು ರಾತ್ರಿಯಲ್ಲಿ ಬಂದು ತಾನೇ ಬಲಿಯಾದಳು. ಕೋರಮಂಗಲದಲ್ಲಿ ಅವಳ ಗುಡಿಯಿದೆ, ಆದುದರಿಂದ ಕಥೆ ನಿಜವೆನ್ನುವರು. ಗುಡಿಯು ನಂಬಿಕೆಗೆ ಸಾಕ್ಷಿಯೇ ಹೊರತು ಘಟನೆಗೆ ಅಲ್ಲ. ‘ಕೆರೆಗೆ ಹಾರ’ವನ್ನು ಪಾಠ ಹೇಳುವ ಅಧ್ಯಾಪಕರಿಗೆ ಈ ಕಥೆಯ ಬಂಧುತ್ವ ತಾನಾಗಿ ಹೊಳೆಯಬೇಕು. ಅಲ್ಲಿಯೂ ಕಟ್ಟಿಸಿದವನು ಗೌಡನೇ, ಬಲಿಯಾದವಳು ಕಿರಿಯ ಸೊಸೆಯೇ. ಆದರೆ ಒಂದು ಭೇದವುಂಟು. ಭಾಗೀರಥಿಯ ಗಂಡನು ದಂಡಿನಿಂದ ಬಂದು ಸುದ್ದಿ ಕೇಳಿ ಅದೇ ಕೆರೆಗೆ ಹಾರುತ್ತಾನೆ. ಹಾಡು ಗೌಡನನ್ನು ಬೈಯುವುದಿಲ್ಲ, ಆದರೆ ತುಂಬಿದ ಕೆರೆಯ ಬೆಲೆಯನ್ನು ನಮ್ಮ ಮುಂದೆ ಇಡುತ್ತದೆ. ನಮ್ಮ ಚರಿತ್ರಕಾರರ ಲಕ್ಷ್ಮಮ್ಮನಿಗಾದರೋ ಅಳುವವರೇ ಇಲ್ಲ. ಅವಳು ಸತ್ತಳು, ಬಾಗಿಲು ನಿಂತಿತು, ಮಾವನ ಕೀರ್ತಿ ಬೆಳೆಯಿತು! ಕರುಣವು ಅಂಗಿಯಾಗಿರಬೇಕಾದಲ್ಲಿ ವೀರಕ್ಕೆ ಅಂಗವಾಗಿಹೋಗಿದೆ. ಹಳ್ಳಿಯ ಹೆಂಗಸರು ಹಾಡಿ ಉಳಿಸಿದ ಔಚಿತ್ಯವನ್ನು ಗದ್ಯ ಬರೆದ ವಿದ್ವಾಂಸರು ಕಳೆದಿರುವುದು ನನಗೆ ಸಹನೆಯಾಗದ ಸಂಗತಿ. ಇದನ್ನು ನಡೆದದ್ದೆಂದು ಮಕ್ಕಳಿಗೆ ಹೇಳುವುದಾದರೆ, ಆ ಬಲಿಯನ್ನು ಬೇಡಿದವರಾರೆಂಬುದನ್ನೂ ಹೇಳಬೇಕಾಗುತ್ತದೆ.

ಹೆಸರೊಂದೇ ಆದುದರಿಂದ ಮೂರು ತಲೆಮಾರಿನ ಕೆಲಸಗಳು ಒಬ್ಬನ ತಲೆಗೇ ಬಂದಿರುವುದೂ ಉಂಟು. 1638ರಲ್ಲಿ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟು ಮಾಗಡಿಗೆ ಹೋದವನು ಇಮ್ಮಡಿ; 1728ರಲ್ಲಿ ಮಾಗಡಿಯೂ ಮೈಸೂರಿನ ವಶವಾಗಿ ವಂಶದ ಆಳಿಕೆ ಮುಗಿಯಿತು.

ಇಷ್ಟೆಲ್ಲ ಬರೆದವರು ‘ಗಂಗಾಗೌರೀವಿಲಾಸ’ಕ್ಕೆ ಕೊಟ್ಟಿರುವುದು ಒಂದೊಂದು ಪಂಕ್ತಿ. ಕೆಂಪೇಗೌಡನದೆಂದು ಹೇಳಲಾಗುವ ಆ ತೆಲುಗು ಯಕ್ಷಗಾನವು, ಕರ್ತೃತ್ವವು ನಿಲ್ಲುವುದಾದರೆ, ಅವನ ಕೋಟೆಗಿಂತ ಅವನ ಮನಸ್ಸಿಗೆ ಹತ್ತಿರದ ಸಾಕ್ಷಿ. ಗವೀಪುರದಲ್ಲಿಯೂ ಶಿವಗಂಗೆಯಲ್ಲಿಯೂ ಅವನ ಹೆಸರು ಸೇರಿಕೊಂಡಿರುವುದು ಗಂಗಾಧರೇಶ್ವರನ ಸನ್ನಿಧಿಯಲ್ಲಿಯೇ. ಶಿವಗಂಗೆಯಲ್ಲಿ 1609ರಲ್ಲಿ ನಿಲ್ಲಿಸಿದ ಅವನ ಲೋಹದ ಪ್ರತಿಮೆಯೂ ಇದೆ. ಕನ್ನಡವಾಡುವ ನಾಡಪ್ರಭು ಆ ದೇವರ ಇಬ್ಬರು ಹೆಂಡಿರ ಕಥೆಯನ್ನು ತೆಲುಗಿನಲ್ಲಿ ಏಕೆ ಆಡಿಸಿದನು, ವಿಜಯನಗರದ ಆಸ್ಥಾನರುಚಿ ಅದರಲ್ಲಿ ಎಷ್ಟು ಇಳಿದಿದೆ ಎಂಬುದನ್ನು ಎರಡು ಭಾಷೆಗಳನ್ನೂ ಬಲ್ಲವರು ಕೃತಿಯನ್ನು ಮುಂದಿಟ್ಟುಕೊಂಡು ನೋಡತಕ್ಕದ್ದು.