ಬೋಲ್ಟು ತೋರಿಸಿದ ಬ್ಯಾಂಕು

ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಸಣ್ಣ ಸಂಬಳದವರ ಕಾಲು ಕೊಂಚ ಹಿಂಜರಿಯುವುದು ಸಹಜ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮದಲ್ಲೆದ್ದ ಅನೇಕ ಬ್ಯಾಂಕುಗಳಂತೂ ಗ್ರೀಕ್ ದೇವಾಲಯದ ಕಂಬಗಳನ್ನು ಮುಂದೆ ನಿಲ್ಲಿಸಿಕೊಂಡು, ಬಂದವರನ್ನು ಭಕ್ತರನ್ನಾಗಿಸುತ್ತಿದ್ದವು. ಕಂಬ ದಪ್ಪವಿದ್ದರೆ ಹಣ ಭದ್ರವೆಂಬುದು ಅವುಗಳ ವಾದ. 1930ರಿಂದ 1933ರೊಳಗೆ ಅಮೆರಿಕದಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದಾಗ ಕಂಬಗಳೇನೂ ಅಡ್ಡ ಬರಲಿಲ್ಲ.

ಈ ರೂಢಿಯನ್ನು ಮುರಿದದ್ದು ವಿಯೆನ್ನಾದ ಅಂಚೆ ಉಳಿತಾಯ ಬ್ಯಾಂಕು. ಅದು ಸಣ್ಣ ಉಳಿತಾಯಗಾರರಿಗೆಂದೇ ಹುಟ್ಟಿದ ಸಂಸ್ಥೆ. 1903ರ ಸ್ಪರ್ಧೆಯಲ್ಲಿ ಗೆದ್ದ ಒಟ್ಟೊ ವಾಗ್ನರ್, 1904ರಿಂದ 1906ರವರೆಗೆ ಮುಂಭಾಗವನ್ನೂ, 1910-12ರಲ್ಲಿ ಹಿಂಭಾಗವನ್ನೂ ಕಟ್ಟಿಸಿದ. ನಾವು ಅದನ್ನು ಚಿತ್ರಗಳಲ್ಲಷ್ಟೇ ಕಂಡವರು. ಆದರೂ ಮನಸ್ಸಿನಿಂದ ಮರೆಯಾಗದು.

ಒಳಗಿನ ಹಜಾರವೇ ಕಟ್ಟಡದ ಜೀವ. ಮೇಲೆ ಬಾಗಿದ ಗಾಜಿನ ಚಾವಣಿ. ಉಕ್ಕಿನ ಕಂಬಗಳು ಕೆಳಕ್ಕಿಳಿಯುತ್ತ ಸಣ್ಣಗಾಗುತ್ತವೆ. ನೆಲಕ್ಕೂ ಗಾಜಿನ ಇಟ್ಟಿಗೆ ಹಾಸಿರುವುದರಿಂದ ಆಕಾಶದ ಬೆಳಕು ಕೆಳಗಿನ ಅಂತಸ್ತಿಗೂ ಇಳಿಯುತ್ತದೆ. ಕೆಳಗಿನವರಿಗೂ ಬೆಳಕಿನ ಪಾಲು ಕೊಟ್ಟ ಈ ಬುದ್ಧಿಗೆ, ಟ್ಯೂಬ್‌ಲೈಟಿನಡಿ ಫೈಲು ನೋಡುತ್ತ ಬಂದ ನಮ್ಮಂಥ ಗುಮಾಸ್ತರು ಕೈಮುಗಿಯಬೇಕು. ಬಿಸಿಗಾಳಿಯ ಕೊಳವೆಗಳನ್ನೂ ವಾಗ್ನರ್ ಬಚ್ಚಿಡಲಿಲ್ಲ. ಆಗಿನ್ನೂ ಕಟ್ಟಡಗಳಿಗೆ ಹೊಸದಾಗಿದ್ದ ಅಲ್ಯೂಮಿನಿಯಮ್ಮಿನಲ್ಲಿ ಮಾಡಿಸಿ ಹಜಾರದಲ್ಲೇ ನಿಲ್ಲಿಸಿದ.

ಹೊರಗೋಡೆಯ ಬಗ್ಗೆ ಮಾತ್ರ ನಮ್ಮದೊಂದು ತಕರಾರಿದೆ. ಅಲ್ಲಿ ತೆಳುವಾದ ಅಮೃತಶಿಲೆಯ ಹಲಗೆಗಳು. ಅವುಗಳ ಮೇಲೆ ಸಾಲುಸಾಲಾಗಿ ಅಲ್ಯೂಮಿನಿಯಮ್ ತಲೆಯ ಬೋಲ್ಟುಗಳು. ಕಲ್ಲನ್ನು ಹಿಡಿದಿರುವುದು ಇವೇ ಎಂದು ನೋಡಿದವರು ನಂಬುತ್ತಾರೆ. ನಿಜವಾಗಿ ಹಲಗೆಗಳು ಗಾರೆಯಲ್ಲಿ ಕೂತಿವೆ. ಗಾರೆ ಗಟ್ಟಿಯಾದ ಮೇಲೆ ಬೋಲ್ಟಿಗೆ ಹೆಚ್ಚಿನ ಕೆಲಸವಿಲ್ಲ.

ಹಾಗಾದರೆ ಇದೂ ಆ ಕಂಬಗಳಂಥದೇ ವೇಷವೆ? ಪೂರ್ತಿ ಅಲ್ಲವೆಂದು ನಮ್ಮ ಅಭಿಪ್ರಾಯ. ಕಂಬ 'ನಾನು ದೊಡ್ಡವನು, ತಲೆ ಬಾಗು' ಎನ್ನುತ್ತದೆ. ಬೋಲ್ಟು 'ನನ್ನನ್ನು ಹೇಗೆ ಕಟ್ಟಿದ್ದಾರೆ, ನೀನೇ ನೋಡು' ಎನ್ನುತ್ತದೆ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಉಂಟು, ಆದರೆ ಎದುರು ನಿಂತವನಿಗೆ ಮರ್ಯಾದೆಯೂ ಉಂಟು.

ಈಗ ಅಲ್ಲಿ ಬ್ಯಾಂಕಿಲ್ಲ, ಉನ್ನತ ಶಿಕ್ಷಣ ಸಂಸ್ಥೆಗಳಿವೆ. ಹಜಾರದ ಬೆಳಕು ಹಾಗೆಯೇ ಇದೆ. ಊರು ಬಿಟ್ಟು ಬಂದು, ಭಾಷೆ ಬಾರದ ನಗರದಲ್ಲಿ ಮೊದಲ ಪಾಸ್‌ಬುಕ್ಕಿಗಾಗಿ ಕೌಂಟರಿನ ಮುಂದೆ ತಡವರಿಸಿದ ನಮಗೆ, ಅಂಥ ಬೆಳಕಿನ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.